ಮನೆಯಲ್ಲೇ ಮಗುವಿನ ಹುಟ್ಟುಹಬ್ಬ: ಲೆಕ್ಕ ಮೊದಲು, ಕೇಕ್ ಆಮೇಲೆ

ಹಾವೇರಿ: ಎರಡು ತಲೆಮಾರುಗಳ ಹಿಂದೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಬಹುತೇಕ ಮನೆಗಳಲ್ಲಿ ಮಗುವಿನ ಹೆಸರಿನಲ್ಲಿ ನಡೆಯುತ್ತಿದ್ದ ಕಾರ್ಯಗಳು ಬೆರಳೆಣಿಕೆಯಷ್ಟು. ತೊಟ್ಟಿಲಿಗೆ ಹಾಕಿ ಹೆಸರಿಡುವುದು, ಜವಳ ತೆಗೆಸುವುದು, ಅಕ್ಷರ ತಿದ್ದಿಸಿ ಶಾಲೆಗೆ ಸೇರಿಸುವುದು. ಇವಿಷ್ಟು ಮುಗಿದರೆ ಮತ್ತೆ ಮನೆಯ ಮುಂದೆ ಹಂದರ ಏಳುತ್ತಿದ್ದುದು ಮದುವೆಗೇ. ವರ್ಷಕ್ಕೊಮ್ಮೆ ಬಂದು ಹೋಗುವ ಹುಟ್ಟುಹಬ್ಬಕ್ಕೆ ಈ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಇಂದು ಚಿತ್ರ ಬದಲಾಗಿದೆ. ತಾಲ್ಲೂಕು ಕೇಂದ್ರಗಳ ಬೇಕರಿಗಳಲ್ಲಿ ಮಗುವಿನ ಹೆಸರು ಬರೆದ ಕೇಕ್‌ಗಳು ಸಿಗುತ್ತವೆ. ಬಲೂನಿನ ಕಮಾನು ಕಟ್ಟಿಕೊಡುವವರಿದ್ದಾರೆ. ಸಂಜೆ ಕೇಕ್ ಕತ್ತರಿಸಿದ ಚಿತ್ರ ರಾತ್ರಿಯೊಳಗೆ ನೆಂಟರಿಷ್ಟರ ಮೊಬೈಲ್‌ಗಳನ್ನೆಲ್ಲ ತಲುಪುತ್ತದೆ. ಮಗು ಹುಟ್ಟಿದ ದಿನವನ್ನು ನೆನೆದು ಸಂತೋಷಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಸಿದ್ಧತೆಯ ಕ್ರಮ ತಲೆಕೆಳಗಾದಾಗ ಆ ಸಂತೋಷವೇ ಹೊರೆಯಾಗುತ್ತದೆ. ಮೊದಲು ಕೇಕ್, ಆಮೇಲೆ ಅಲಂಕಾರ, ಕೊನೆಗೆ ಎಷ್ಟು ಜನ ಬರುತ್ತಾರೆ ಎಂಬ ಯೋಚನೆ ಎನ್ನುವುದು ಅನೇಕ ಮನೆಗಳ ರೂಢಿ. ಇದನ್ನು ತಿರುಗಿಸಿದರೆ ಖರ್ಚು ತಗ್ಗುತ್ತದೆ, ಅಪಾಯ ಕಡಿಮೆಯಾಗುತ್ತದೆ, ಮಗುವೂ ನಲಿಯುತ್ತದೆ. ಮೊದಲು ತಲೆ ಎಣಿಕೆ, ನಂತರ ದಿನ ಮತ್ತು ಹೊತ್ತು, ಅದಾದ ಮೇಲೆ ಊಟ, ಕಟ್ಟಕಡೆಗೆ ಅಲಂಕಾರ. ಮನೆಯಲ್ಲಿ ನಡೆಸುವ ಹುಟ್ಟುಹಬ್ಬದ ಯೋಜನೆಯ ಸಾರ ಇಷ್ಟೇ.

ಜೂನ್ 1ರ ಪೀಳಿಗೆ

ಈ ಸೀಮೆಯ ಅಜ್ಜ–ಅಜ್ಜಿಯರನ್ನು ಹುಟ್ಟಿದ ದಿನ ಕೇಳಿದರೆ ಹಲವರು ಹೇಳುವುದು ಜೂನ್ 1. ಇದು ಹಾವೇರಿ ಜಿಲ್ಲೆಯದಷ್ಟೇ ಅಲ್ಲ, ಇಡೀ ನಾಡಿನ ಕಥೆ. ಶಾಲೆ ಆರಂಭವಾಗುತ್ತಿದ್ದುದು ಜೂನ್‌ನಲ್ಲಿ. ತಂದೆ–ತಾಯಿಗೆ ಮಗು ಹುಟ್ಟಿದ ತಾರೀಖು ತಿಳಿಯದಿದ್ದಾಗ ಗುರುಗಳು ವಯಸ್ಸನ್ನು ಅಂದಾಜು ಮಾಡಿ, ಶಾಲೆಗೆ ಸೇರಲು ಸರಿಹೊಂದುವಂತೆ ಜೂನ್ 1 ಎಂದು ದಾಖಲಿಸುತ್ತಿದ್ದರು. ಹಿರಿಯರ ನೆನಪಿನಲ್ಲಿ ಇರುತ್ತಿದ್ದುದು ತಾರೀಖಲ್ಲ. ಸೀಗಿ ಹುಣ್ಣಿಮೆಯ ಮರುದಿನ, ಊರ ಜಾತ್ರೆಯ ವಾರ, ಬರಗಾಲದ ವರ್ಷ ಎಂಬಂಥ ಗುರುತುಗಳು.

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ನಂತರ, ಅದರಲ್ಲೂ ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದ ಮೇಲೆ, ಪರಿಸ್ಥಿತಿ ಬದಲಾಯಿತು. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿದ್ದು, ಅದು ಜಾರಿಗೆ ಬಂದ 2023ರ ಅಕ್ಟೋಬರ್ 1ರಂದು ಹಾಗೂ ಆ ನಂತರ ಜನಿಸಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಮುಂತಾದ ಕೆಲಸಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ.

ಮೊದಲ ಹುಟ್ಟುಹಬ್ಬದ ಸಿದ್ಧತೆಯಲ್ಲಿರುವ ಪೋಷಕರು ಕೇಕ್‌ನ ಬಣ್ಣಕ್ಕಿಂತ ಮೊದಲು ಗಮನಿಸಬೇಕಾದ ಸಂಗತಿ ಇದರಲ್ಲೇ ಇದೆ. ಹೆರಿಗೆಯಾದ ಕೂಡಲೇ ನೋಂದಣಿಯಾಗುವುದರಿಂದ ಹಲವು ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ವಿಳಂಬ ಶುಲ್ಕವಿಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರು ಕಾಗದದಲ್ಲಿಯೂ ಇದೆಯೇ ಎಂದು ವರ್ಷ ತುಂಬುವ ಮೊದಲೇ ನೋಡಿಕೊಳ್ಳುವುದು ಮಗುವಿಗೆ ಕೊಡಬಹುದಾದ ಮೊದಲ ಉಡುಗೊರೆ. ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡನ್ನೂ ಅದೇ ದಿನ ತೆಗೆದು ನೋಡುವುದು ಒಳಿತು.

ತಿಥಿಯೋ, ತಾರೀಖೋ?

ಯಾವ ದಿನ ಆಚರಿಸಬೇಕೆಂಬ ಪ್ರಶ್ನೆ ಕೆಲವು ಮನೆಗಳಲ್ಲಿ ಏಳುತ್ತದೆ. ಹಿರಿಯರು ತಿಥಿ, ನಕ್ಷತ್ರ ಎನ್ನುತ್ತಾರೆ. ಮಕ್ಕಳು ಶಾಲೆಯ ದಾಖಲೆಯ ತಾರೀಖನ್ನೇ ಬಯಸುತ್ತಾರೆ. ಎರಡೂ ಒಂದೇ ದಿನ ಬಾರದಿರಲು ಕಾರಣ ಸರಳ. ಹನ್ನೆರಡು ಚಾಂದ್ರಮಾಸಗಳ ವರ್ಷಕ್ಕೆ ಸುಮಾರು 354 ದಿನಗಳು. ಅದು ಸೌರ ವರ್ಷಕ್ಕಿಂತ 11 ದಿನ ಕಡಿಮೆ. ಹೀಗಾಗಿ ತಿಥಿ ಪ್ರತಿವರ್ಷ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ.

ಇದಕ್ಕೆ ಉದಾಹರಣೆ ಶಿಗ್ಗಾವಿ ತಾಲ್ಲೂಕಿನಲ್ಲಿಯೇ ಇದೆ. ಬಾಡ ಗ್ರಾಮದಲ್ಲಿ ಜನಿಸಿದ ಕನಕದಾಸರ ಜಯಂತಿಯನ್ನು ತಿಥಿಗೆ ಅನುಗುಣವಾಗಿ ಆಚರಿಸಲಾಗುತ್ತದೆ. ಅದು 2023ರಲ್ಲಿ ನವೆಂಬರ್ 30ರಂದು, 2024ರಲ್ಲಿ ನವೆಂಬರ್ 18ರಂದು, 2025ರಲ್ಲಿ ನವೆಂಬರ್ 8ರಂದು ಬಂದಿತ್ತು. ಮನೆಯಲ್ಲಿ ಭಿನ್ನಾಭಿಪ್ರಾಯವಿದ್ದರೆ ತಿಥಿಯಂದು ಬೆಳಿಗ್ಗೆ ಎಣ್ಣೆ–ನೀರು, ಆರತಿ, ಪಾಯಸದಲ್ಲಿ ಮುಗಿಸಿ, ಗೆಳೆಯರ ಕೂಟವನ್ನು ತಾರೀಖಿನಂದು ಅಥವಾ ಅದರ ಸಮೀಪದ ಭಾನುವಾರ ಇಟ್ಟುಕೊಳ್ಳಬಹುದು. ಇದರಿಂದ ಅಜ್ಜಿಯ ಮಾತೂ ಉಳಿಯುತ್ತದೆ, ಮೊಮ್ಮಗುವಿನ ಆಸೆಯೂ ಈಡೇರುತ್ತದೆ.

ಮೊದಲು ತಲೆ ಎಣಿಕೆ

ಮನೆಯ ಪಡಸಾಲೆಯಲ್ಲಿ ಎಷ್ಟು ಮಕ್ಕಳು ಕಾಲು ಚಾಚಿ ಕುಳಿತುಕೊಳ್ಳಬಹುದು? ಅತಿಥಿಗಳ ಸಂಖ್ಯೆಯನ್ನು ನಿರ್ಧರಿಸಬೇಕಾದ ಮೊದಲ ಪ್ರಶ್ನೆ ಇದು. ಸಣ್ಣ ಮಕ್ಕಳಿಗೆ ಹೆಚ್ಚು ಜನ ಸೇರಿದರೆ ಖುಷಿಗಿಂತ ಕಿರಿಕಿರಿಯೇ ಹೆಚ್ಚು. ಮೊದಲ ಹುಟ್ಟುಹಬ್ಬದ ಮಗು ಗದ್ದಲಕ್ಕೆ ಬೆದರಿ ಅಳುವುದು, ಎಲ್ಲರೂ ಚಿತ್ರ ತೆಗೆಯುವ ಹೊತ್ತಿಗೆ ನಿದ್ದೆಗೆ ಜಾರುವುದು ಎಲ್ಲರೂ ಕಂಡಿರುವ ದೃಶ್ಯ. ಮಗುವಿನ ವಯಸ್ಸು ಎಷ್ಟೋ ಅದರ ಎರಡರಷ್ಟು ಗೆಳೆಯರನ್ನು ಕರೆಯುವುದು ಒಂದು ಸುಲಭ ಅಳತೆ. ಐದು ವರ್ಷದ ಮಗುವಿಗೆ ಹತ್ತು ಗೆಳೆಯರು, ಜೊತೆಗೆ ಓಣಿಯ ಮಕ್ಕಳು, ಸೋದರಮಾವ, ಚಿಕ್ಕಪ್ಪ–ಚಿಕ್ಕಮ್ಮಂದಿರ ಮಕ್ಕಳು ಸೇರಿ ಇಪ್ಪತ್ತಕ್ಕೆ ನಿಂತರೆ ಮನೆಯಲ್ಲಿಯೇ ನಿಭಾಯಿಸಬಹುದು.

ಸಂಖ್ಯೆ ಬೆಳೆದಂತೆ ಖರ್ಚು ಹೇಗೆ ಬೆಳೆಯುತ್ತದೆಂಬುದನ್ನು ಒಂದು ಊಹೆಯ ಲೆಕ್ಕದಿಂದ ತಿಳಿಯಬಹುದು. ಕೇಕ್, ತಿಂಡಿ, ಕುಡಿಯುವ ನೀರು, ತಟ್ಟೆ ಎಲ್ಲ ಸೇರಿ ತಲೆಗೆ 100 ರೂಪಾಯಿ ತಗುಲುತ್ತದೆ ಎಂದಿಟ್ಟುಕೊಳ್ಳಿ. 20 ಮಕ್ಕಳು, 10 ಹಿರಿಯರಿದ್ದರೆ 3,000 ರೂಪಾಯಿ. ಅದೇ 100 ಜನರಾದರೆ 10,000 ರೂಪಾಯಿ. ಆಗ ಮನೆ ಸಾಲದೆ ಪೆಂಡಾಲು, ಕುರ್ಚಿ, ದೀಪದ ಬಾಡಿಗೆ ಬೇರೆ. ಉದ್ಯೋಗ ಖಾತರಿ ಯೋಜನೆಯಡಿ 2025–26ನೇ ಸಾಲಿಗೆ ರಾಜ್ಯಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಆ ಲೆಕ್ಕದಲ್ಲಿ ಮೊದಲ ಹುಟ್ಟುಹಬ್ಬ ಎಂಟು ದಿನಗಳ ದುಡಿಮೆ. ಎರಡನೆಯದು ಹೆಚ್ಚೂಕಡಿಮೆ ಒಂದು ತಿಂಗಳದು.

ಒಂದು ಸಂಜೆಗಾಗಿ ಸಂಘದಿಂದಲೋ ಫೈನಾನ್ಸ್‌ನಿಂದಲೋ ಹಣ ಎತ್ತುವುದು ಯಾವ ರೀತಿಯಿಂದಲೂ ಸಮರ್ಥನೀಯವಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದದ್ದು ಕಿರುಸಾಲದ ಸಂಕಟ ಎಷ್ಟು ಆಳಕ್ಕಿಳಿದಿತ್ತು ಎಂಬುದಕ್ಕೆ ಸಾಕ್ಷಿ. ವಾರದ ಕಂತು ಕಟ್ಟುತ್ತಿರುವ ಮನೆಯಲ್ಲಿ ಹುಟ್ಟುಹಬ್ಬದ ಮಿತಿ ಕೈಯಲ್ಲಿರುವ ಹಣವೇ ಆಗಿರಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದ್ದು.

ಉಡುಗೊರೆಯೋ, ಮುಯ್ಯಿಯೋ?

ಖರ್ಚಿನ ಇನ್ನೊಂದು ಮುಖ ಅತಿಥಿಗಳ ಮನೆಯಲ್ಲಿದೆ. ಮದುವೆ, ಸೀಮಂತಗಳಲ್ಲಿ ಆಯೇರಿ ಮತ್ತು ಮುಯ್ಯಿ ಮಾಡುವ ಪದ್ಧತಿ ಈ ಭಾಗದಲ್ಲಿ ಗಟ್ಟಿಯಾಗಿದೆ. ಅವರು ಎಷ್ಟು ಮಾಡಿದ್ದರೋ ಅಷ್ಟನ್ನು, ಸಾಧ್ಯವಾದರೆ ಒಂದು ಕೈ ಹೆಚ್ಚಾಗಿ, ತಿರುಗಿಸಬೇಕೆಂಬುದು ಅದರ ನಿಯಮ. ಮದುವೆ ಮನೆಗೆ ಒಮ್ಮೆ ಒದಗುವ ಕಾರ್ಯ. ಅಲ್ಲಿ ಮುಯ್ಯಿ ಪರಸ್ಪರ ಸಹಾಯವೇ ಆಗಿತ್ತು. ಹುಟ್ಟುಹಬ್ಬ ವರ್ಷ ವರ್ಷವೂ ಬರುತ್ತದೆ. ಮನೆಯಲ್ಲಿ ಎಷ್ಟು ಮಕ್ಕಳಿವೆಯೋ ಅಷ್ಟು ಸಲ ಬರುತ್ತದೆ. ಮುಯ್ಯಿಯ ನಿಯಮ ಇಲ್ಲಿಗೂ ಹರಡಿದರೆ ಅದು ಮುಗಿಯದ ಸಾಲವಾಗುತ್ತದೆ.

ನಗರಗಳಿಂದ ಬಂದ ರಿಟರ್ನ್ ಗಿಫ್ಟ್ ಎಂಬ ರೂಢಿ ಈ ಭಾರವನ್ನು ಇಮ್ಮಡಿಗೊಳಿಸಿದೆ. ಬಂದ ಮಗುವಿಗೆ ಒಂದು ಪೊಟ್ಟಣ ಕೊಟ್ಟು ಕಳುಹಿಸಬೇಕು. ಆ ಪೊಟ್ಟಣ ಹಿಂದಿನ ವಾರದ ಮನೆಯದಕ್ಕಿಂತ ಕಡಿಮೆಯಾಗಬಾರದು. ಕೊಡುಗೆ ತರಲಾಗದ ಕಾರಣಕ್ಕೆ ಕೂಟಕ್ಕೆ ಬಾರದೆ ಉಳಿಯುವ ಮಗು, ತನ್ನ ಹುಟ್ಟುಹಬ್ಬವನ್ನು ಗೆಳೆಯರಿಂದ ಮುಚ್ಚಿಡುವ ಮಗು ಈ ಪೈಪೋಟಿಯ ನಿಜವಾದ ಬೆಲೆ ತೆರುತ್ತದೆ. ಕರೆಯುವಾಗಲೇ ಯಾರೂ ಏನನ್ನೂ ತರುವುದು ಬೇಡವೆಂದು ಸ್ಪಷ್ಟವಾಗಿ ಹೇಳುವುದು, ಹೇಳಿದಂತೆ ನಡೆದುಕೊಳ್ಳುವುದು ಇದಕ್ಕಿರುವ ಸರಳ ಪರಿಹಾರ. ತಂದಿದ್ದರೂ ಎಲ್ಲರೆದುರು ಬಿಚ್ಚದೆ, ಎಲ್ಲರೂ ಹೋದ ಮೇಲೆ ತೆರೆಯುವುದು ಲೇಸು. ಮರಳಿ ಕೊಡಲೇಬೇಕೆನಿಸಿದರೆ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಪೆನ್ಸಿಲ್, ಒಂದು ಶೇಂಗಾ ಉಂಡಿ ಸಾಕು.

ದಿನ, ಹೊತ್ತು, ಜಾಗ

ಸಂಖ್ಯೆ ಗೊತ್ತಾದ ಮೇಲೆ ಹೊತ್ತನ್ನು ಗೊತ್ತುಮಾಡಬೇಕು. ಭಾನುವಾರ, ಇಲ್ಲವೇ ಅರ್ಧ ದಿನದ ಶಾಲೆ ಇರುವ ಶನಿವಾರದ ಮಧ್ಯಾಹ್ನದ ನಂತರದ ವೇಳೆ ಅನುಕೂಲಕರ. ಸಂತೆಯ ದಿನ ಹಳ್ಳಿಯ ನೆಂಟರಿಗೆ ಸುಲಭವಾದರೂ ವ್ಯಾಪಾರದ ಮನೆಗಳಿಗೆ ಕಷ್ಟ. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ಉಪವಾಸದ ದಿನಗಳಲ್ಲಿ ಕೂಟವಿದ್ದರೆ ಊಟದ ವೇಳೆಯನ್ನು ಕರೆಯುವವರೇ ಯೋಚಿಸಿ ಇಡಬೇಕು. ನಾಲ್ಕೂ ಪಟ್ಟಣಗಳಲ್ಲಿ ಲಿಂಗಾಯತ, ಮುಸ್ಲಿಂ, ಕುರುಬ, ಮರಾಠ, ಜೈನ ಮನೆಗಳ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ಒಂದು ಪಂಕ್ತಿಯಲ್ಲಿ ಎಲ್ಲರೂ ಉಣ್ಣುವಂತಿರಬೇಕಾದರೆ ಈ ಎಚ್ಚರ ಅಗತ್ಯ.

ಸಂಜೆ 4ರಿಂದ 6ರವರೆಗಿನ ಎರಡು ಗಂಟೆ ಸಣ್ಣ ಮಕ್ಕಳಿಗೆ ತಕ್ಕ ಹೊತ್ತು. ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುತ್ತಾರೆ. ವಿದ್ಯುತ್ ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ. ಮುಗಿಯುವ ವೇಳೆಯನ್ನೂ ಕರೆಯುವಾಗಲೇ ತಿಳಿಸಬೇಕು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಕೂಟವನ್ನು ನಂಬುವಂತಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ತಗಡಿನ ಚಾವಣಿಯಡಿ ಮಕ್ಕಳನ್ನು ಕೂರಿಸುವುದು ಸರಿಯಲ್ಲ.

ಮನೆಯೊಳಗಿನ ಅಪಾಯಗಳನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ನೆಲದಡಿಯ ನೀರಿನ ತೊಟ್ಟಿಯ ಮುಚ್ಚಳಕ್ಕೆ ಬೀಗ, ಮಾಳಿಗೆಯ ಬಾಗಿಲಿಗೆ ಚಿಲಕ, ಅಡುಗೆ ಮನೆಗೆ ಮಕ್ಕಳು ನುಗ್ಗದಂತೆ ತಡೆ ಇರಲಿ. ಹೊರಗೆ ರಸ್ತೆಯಲ್ಲಿ ಪೆಂಡಾಲು ಹಾಕುವುದಾದರೆ ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಬೇಕು. ಕಂಬದಿಂದ ನೇರವಾಗಿ ವಿದ್ಯುತ್ ಎಳೆಯುವುದು ಅಪರಾಧ, ಪ್ರಾಣಕ್ಕೂ ಸಂಚಕಾರ. 2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಮನೆಯ ಕೂಟಕ್ಕೆ ಅದರ ಅಗತ್ಯವೂ ಇಲ್ಲ.

ತಟ್ಟೆಯಲ್ಲಿ ಏನಿರಬೇಕು?

ಹುಟ್ಟುಹಬ್ಬವೆಂದರೆ ಕೇಕ್ ಎಂಬ ಭಾವನೆ ಬಲವಾಗಿದೆ. ಕೇಕ್‌ನ ಮೇಲೆ ಮೇಣದ ಬತ್ತಿ ಹಚ್ಚಿ ಮಗುವಿನ ಹುಟ್ಟುಹಬ್ಬ ಆಚರಿಸುವ ಪದ್ಧತಿ ಹದಿನೆಂಟನೇ ಶತಮಾನದ ಜರ್ಮನಿಯಲ್ಲಿ ಕಾಣಿಸಿಕೊಂಡು ಯುರೋಪ್, ಅಮೆರಿಕಗಳ ಮೂಲಕ ಲೋಕಕ್ಕೆಲ್ಲ ಹರಡಿತು. ಅದನ್ನು ಬೇಡವೆನ್ನುವ ಅಗತ್ಯವಿಲ್ಲ. ಆದರೆ ಕೊಳ್ಳುವಾಗ ಎಚ್ಚರ ಬೇಕು. ರಾಜ್ಯದ ಆಹಾರ ಸುರಕ್ಷತಾ ಇಲಾಖೆ 2024ರ ಆಗಸ್ಟ್‌ನಲ್ಲಿ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 223 ಸುರಕ್ಷಿತವಾಗಿದ್ದರೂ 12ರಲ್ಲಿ ಕೃತಕ ಬಣ್ಣಗಳು ಮಿತಿ ಮೀರಿದ್ದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂತಹ ಕೇಕ್‌ಗಳ ಬಗ್ಗೆ ಇಲಾಖೆ ಎಚ್ಚರಿಕೆ ನೀಡಿತ್ತು. ಕಣ್ಣು ಕೋರೈಸುವ ಕೆಂಪು, ನೀಲಿ, ಹಸಿರಿಗಿಂತ ಬಿಳಿಯ ಅಥವಾ ತಿಳಿ ಕಂದು ಬಣ್ಣದ ಸಾದಾ ಕೇಕ್ ವಾಸಿ. ಮೊಟ್ಟೆ ತಿನ್ನದ ಮನೆಗಳ ಮಕ್ಕಳಿದ್ದರೆ ಮೊಟ್ಟೆರಹಿತ ಕೇಕ್ ತರುವುದು, ಹಾಗೆಂದು ಮುಂಚೆಯೇ ತಿಳಿಸುವುದು ಸೂಕ್ತ. 75ರಿಂದ 100 ಗ್ರಾಂನ ತುಂಡಿನ ಲೆಕ್ಕದಲ್ಲಿ 20 ಮಕ್ಕಳಿಗೆ ಒಂದೂವರೆಯಿಂದ ಎರಡು ಕಿಲೊ ಕೇಕ್ ಸಾಕು.

ಮಕ್ಕಳು ಹಟ ಹಿಡಿಯುವ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ವಿಷಯದಲ್ಲಿಯೂ ಇದೇ ಮಾತು. ಇಲಾಖೆ ಸಂಗ್ರಹಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಹಾಗೂ 25 ಬಾಂಬೆ ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತವೆಂದು ಕಂಡುಬಂದವು. ಅದರ ಬೆನ್ನಲ್ಲೇ 2024ರ ಮಾರ್ಚ್ 11ರಂದು ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನೂ ಬಣ್ಣ ಬೆರೆಸಿದ ಬಾಂಬೆ ಮಿಠಾಯಿಯ ಮಾರಾಟವನ್ನೂ ನಿಷೇಧಿಸಿತು. ಮಿಠಾಯಿಗೆ ಗುಲಾಬಿ ರಂಗು ತರುತ್ತಿದ್ದ ರೊಡಮೈನ್–ಬಿ ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕಲ್ಲ. ಬಾಯಿಂದ ಹೊಗೆ ಬಿಡುವ ಸ್ಮೋಕ್ ಬಿಸ್ಕತ್ತು ಸಹ ಮಕ್ಕಳ ಕೂಟಕ್ಕೆ ಸಲ್ಲದು. ಅದರಲ್ಲಿ ಬಳಸುವ ದ್ರವ ಸಾರಜನಕದ ಉಷ್ಣಾಂಶ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರುತ್ತದೆ. ಪೂರ್ತಿ ಆರಿಹೋಗದೆ ಹೊಟ್ಟೆ ಸೇರಿದರೆ ಕರುಳಿಗೇ ಗಾಯವಾಗಬಹುದು.

ಹಾಗಾದರೆ ಏನು ಬಡಿಸುವುದು? ಉತ್ತರ ಮನೆಯ ಅಡುಗೆಯಲ್ಲಿಯೇ ಇದೆ. ಗಿರ್ಮಿಟ್ ಅಥವಾ ಸುಸಲಾ, ಶ್ಯಾವಿಗೆ ಪಾಯಸ, ರವೆ ಉಂಡಿ, ಕಾಲಕ್ಕೆ ತಕ್ಕ ಹಣ್ಣು ಇದ್ದರೆ ಮಕ್ಕಳ ತಟ್ಟೆ ತುಂಬುತ್ತದೆ. ಮಾವಿನ ಕಾಲದಲ್ಲಿ ಹಾನಗಲ್ ಭಾಗದ ಮನೆಗಳಿಗೆ ಹಣ್ಣಿನ ಚಿಂತೆಯಿಲ್ಲ. 20 ಮಕ್ಕಳಿಗೆ ಒಂದು ಕಿಲೊ ಚುರುಮುರಿ, ಎರಡು ಲೀಟರ್ ಪಾಯಸ ಸಾಕಾಗುತ್ತದೆ. ಹೆಸರಾದ ಸವಣೂರಿನ ಖಾರ ಹಿರಿಯರ ತಟ್ಟೆಗಿರಲಿ. ಅವರ ತಾಂಬೂಲಕ್ಕೆ ಸವಣೂರಿನ ಎಲೆಯೂ ಇದ್ದೇ ಇದೆ. ಮಕ್ಕಳಿಗೆ ಸಪ್ಪೆಯದು ಬೇರೆ ಮಾಡಬೇಕು. ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರಮಿಂಟು ಕೊಡಬಾರದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಎರಡು ವರ್ಷದೊಳಗೆ ಸಕ್ಕರೆ ಬೆರೆಸಿದ ತಿನಿಸು ಬೇಡವೆಂಬುದು ಮಕ್ಕಳ ತಜ್ಞರ ಸಲಹೆ. ಮೊದಲ ಹುಟ್ಟುಹಬ್ಬದ ಕೇಕ್ ಮಗುವಿಗಿಂತ ಬಂದವರಿಗೇ ಹೆಚ್ಚು ಎಂಬುದನ್ನು ಮರೆಯಬಾರದು.

ಬೆಳಿಗ್ಗೆ ಮಾಡಿದ ಅನ್ನ, ಪಾಯಸವನ್ನು ಸಂಜೆ ಬಡಿಸುವ ಅಭ್ಯಾಸ ಬೇಸಿಗೆಯಲ್ಲಿ ವಾಂತಿ–ಭೇದಿಗೆ ದಾರಿ ಮಾಡುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹಾಗೆಯೇ ಹೊರಗಿಡಬಾರದು, ಬಿಸಿಯಾಗಿರಬೇಕಾದುದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ರೀಮ್ ಹಚ್ಚಿದ ಕೇಕ್‌ಗೂ ಇದು ಅನ್ವಯಿಸುತ್ತದೆ. ಹುಬ್ಬಳ್ಳಿಯಿಂದ ಬೆಳಿಗ್ಗೆ ತಂದು ಸಂಜೆಯವರೆಗೆ ಮೇಜಿನ ಮೇಲಿಡುವ ಕೇಕ್‌ಗಿಂತ, ಊರಿನ ಬೇಕರಿಯಿಂದ ಅದೇ ಹೊತ್ತಿಗೆ ತಂದದ್ದು ಸುರಕ್ಷಿತ.

ದೀಪ ಹಚ್ಚುವುದೋ, ಆರಿಸುವುದೋ?

ಶುಭ ದಿನದಂದು ದೀಪ ಹಚ್ಚಬೇಕೇ ಹೊರತು ಊದಿ ಆರಿಸಬಾರದು ಎಂಬುದು ಹಿರಿಯರ ಆಕ್ಷೇಪ. ವಿಜ್ಞಾನವೂ ಬೇರೊಂದು ಕಾರಣದಿಂದ ಅವರ ಪಕ್ಷದಲ್ಲಿದೆ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಣದ ಬತ್ತಿ ಊದಿದಾಗ ಕೇಕ್‌ನ ಮೇಲ್ಪದರದ ಬ್ಯಾಕ್ಟೀರಿಯಾ ಸರಾಸರಿ ಶೇ 1,400ರಷ್ಟು ಹೆಚ್ಚಿದ್ದವು. ಆರೋಗ್ಯವಂತರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಮಗುವಿಗೆ ನೆಗಡಿ, ಕೆಮ್ಮು ಇದ್ದರೆ ಊದಿಸದಿರುವುದೇ ಮೇಲು.

ಮಧ್ಯದ ದಾರಿಯೊಂದಿದೆ. ಮಗುವನ್ನು ಮಣೆಯ ಮೇಲೆ ಕೂರಿಸಿ ಮುತ್ತೈದೆಯರಿಂದ ಆರತಿ ಮಾಡಿಸುವ ಮನೆಗಳಲ್ಲಿ, ವಯಸ್ಸು ಎಷ್ಟೋ ಅಷ್ಟು ಹಣತೆಗಳನ್ನು ಮಗುವಿನ ಕೈ ಹಿಡಿದು ಹಚ್ಚಿಸಬಹುದು. ಮೇಣದ ಬತ್ತಿ ಬೇಕೆನ್ನುವವರು ಅದನ್ನು ದೊಡ್ಡ ಕೇಕ್‌ನ ಬದಲು ಮಗುವೊಂದೇ ತಿನ್ನುವ ಚಿಕ್ಕ ತುಂಡಿನ ಮೇಲೆ ನಿಲ್ಲಿಸಿದರೆ ಎರಡೂ ಸಮಸ್ಯೆ ಬಗೆಹರಿಯುತ್ತದೆ.

ಬೆಂಕಿಯ ಬಳಿ ನೊರೆ ಚಿಮ್ಮುವ ಸ್ಪ್ರೇ ಡಬ್ಬಿ ಬಳಸುವುದು ಅತ್ಯಂತ ಅಪಾಯಕಾರಿ. ಇಂಥ ಅನೇಕ ಡಬ್ಬಿಗಳಲ್ಲಿ ನೊರೆಯನ್ನು ಹೊರತಳ್ಳುವುದು ಬೇಗನೆ ಹೊತ್ತಿಕೊಳ್ಳುವ ಅನಿಲ. ಹೊತ್ತಿದ ಬತ್ತಿಯ ಮೇಲೆ ಅದು ಬಿದ್ದರೆ ಕ್ಷಣಾರ್ಧದಲ್ಲಿ ಜ್ವಾಲೆ ಮಗುವಿನ ಮುಖಕ್ಕೆ ಅಡರುತ್ತದೆ. ಜರಿ, ನೈಲಾನ್ ಉಡುಪು ತೊಟ್ಟ ಮಗುವನ್ನು ದೀಪದಿಂದ ದೂರ ನಿಲ್ಲಿಸಬೇಕು. ಸುಟ್ಟ ಗಾಯವಾದರೆ ಶಾಯಿ, ಟೂತ್‌ಪೇಸ್ಟ್ ಹಚ್ಚದೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು ವೈದ್ಯರಲ್ಲಿಗೆ ಒಯ್ಯಬೇಕು. ತುರ್ತಾದರೆ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು.

ಅಲಂಕಾರ ಮತ್ತು ಕಾನೂನು

ಅಲಂಕಾರದ ಸಾಮಗ್ರಿಗಳಲ್ಲಿ ಹಲವು ಈಗ ನಿಷೇಧಿತವೆಂಬುದು ಅನೇಕರಿಗೆ ತಿಳಿದಿಲ್ಲ. 2016ರ ಮಾರ್ಚ್‌ನಲ್ಲಿಯೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಪ್ಲಾಸ್ಟಿಕ್ ತೋರಣ, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಗಳನ್ನು ನಿಷೇಧಿಸಿದೆ. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ಏಕಬಳಕೆ ವಸ್ತುಗಳ ಪಟ್ಟಿಯಲ್ಲಿ ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್, ಹೀರುಕೊಳವೆ, ಸಿಹಿತಿಂಡಿ ಪೊಟ್ಟಣ ಮತ್ತು ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಸೇರಿವೆ. ಈ ಪಟ್ಟಿಯನ್ನು ಓದಿದರೆ ಅದು ಹುಟ್ಟುಹಬ್ಬದ ಸಾಮಾನಿನ ಚೀಟಿಯಂತೆಯೇ ಕಾಣುತ್ತದೆ.

ಬದಲಿ ಸಾಮಗ್ರಿ ದುಬಾರಿಯೇನಲ್ಲ. ಅಡಿಕೆ ಹಾಳೆಯ ತಟ್ಟೆ, ಬಾಳೆ ಎಲೆ, ಮುತ್ತುಗದ ಪತ್ರಾವಳಿ ಸಿಗುತ್ತವೆ. ಇಪ್ಪತ್ತೇ ಮಕ್ಕಳಾದರೆ ನೆರೆಮನೆಗಳಿಂದ ಸ್ಟೀಲ್ ತಟ್ಟೆ ತರಬಹುದು. ಮಾವಿನ ತೋರಣ, ಚೆಂಡು ಹೂವು, ಅಮ್ಮನ ಹಳೆಯ ಬಣ್ಣದ ಸೀರೆಯ ಪರದೆ, ಮಕ್ಕಳೇ ಕತ್ತರಿಸಿದ ಕಾಗದದ ಪರಪರಿ ಮನೆಯ ಗೋಡೆಗೆ ಕಳೆ ತರುತ್ತವೆ.

ಬಲೂನಿನ ಬಗ್ಗೆ ಎರಡು ಎಚ್ಚರಿಕೆಗಳಿವೆ. ಊದದ ಅಥವಾ ಒಡೆದ ರಬ್ಬರ್ ಬಲೂನಿನ ತುಂಡನ್ನು ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಂಡರೆ ಅದು ಶ್ವಾಸನಾಳವನ್ನು ಮುಚ್ಚಿಬಿಡುತ್ತದೆ. ಎಂಟು ವರ್ಷದೊಳಗಿನ ಮಕ್ಕಳ ಕೈಗೆ ಬಲೂನು ಕೊಟ್ಟಾಗ ಹಿರಿಯರು ಜೊತೆಯಲ್ಲಿರಬೇಕು; ಒಡೆದ ಚೂರುಗಳನ್ನು ಕೂಡಲೇ ಹೆಕ್ಕಬೇಕು. ಮೇಲೇರುವ ಬಲೂನುಗಳಲ್ಲಿ ಹೀಲಿಯಂ ಬದಲು ಅಗ್ಗದ ಜಲಜನಕ ತುಂಬಿದ್ದರೆ ಕಿಡಿ ತಾಗಿದೊಡನೆ ಸ್ಫೋಟಿಸುತ್ತದೆ. ಮನೆಯ ಕೂಟಕ್ಕೆ ಬಾಯಿಂದ ಅಥವಾ ಪಂಪಿನಿಂದ ಗಾಳಿ ತುಂಬಿದ ಬಲೂನೇ ಸಾಕು.

ಆಟವೇ ಹಬ್ಬ

ಮಕ್ಕಳು ಕೂಟಕ್ಕೆ ಬರುವುದು ಆಡಲೆಂದು. ಎರಡು ಗಂಟೆಯಲ್ಲಿ ಒಂದು ಗಂಟೆಯನ್ನಾದರೂ ಆಟಕ್ಕೆ ಮೀಸಲಿಡಬೇಕು. ಅಂಗಳವಿದ್ದರೆ ಲಗೋರಿ, ಕುಂಟಾಟ. ಒಳಗಾದರೆ ಕುರ್ಚಿ ಆಟ, ಚೌಕಾಬಾರ, ಕಣ್ಣು ಕಟ್ಟಿ ಗೆಳೆಯನನ್ನು ಗುರುತಿಸುವ ಆಟ. ಈ ನೆಲ ಸಾಹಿತ್ಯದಲ್ಲಿಯೂ ಶ್ರೀಮಂತ. ಹಿರೇಕೆರೂರು ಸೀಮೆಯ ಅಬಲೂರು–ಮಾಸೂರಿನ ಪರಿಸರದೊಂದಿಗೆ ಹೆಸರು ಬೆಸೆದುಕೊಂಡಿರುವ ಸರ್ವಜ್ಞನ ತ್ರಿಪದಿಗಳಲ್ಲಿ ಒಗಟಿನ ರೂಪದವು ಸಾಕಷ್ಟಿವೆ. ಅಜ್ಜ ಒಗಟು ಒಡ್ಡಿ, ಮಕ್ಕಳು ಎರಡು ಗುಂಪಾಗಿ ಬಿಡಿಸುವ ಆಟಕ್ಕೆ ಬೇಕಾಗುವುದು ನೆನಪೊಂದೇ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳ ಷರೀಫರ ಹಾಡುಗಳನ್ನು ಅರಿಯದ ಮನೆ ಈ ಭಾಗದಲ್ಲಿ ವಿರಳ. ಒಂದೆರಡನ್ನು ಎಲ್ಲರೂ ಕೂಡಿ ಹಾಡಿದರೆ ಧ್ವನಿವರ್ಧಕದ ಹಂಗಿಲ್ಲ. ಗೆದ್ದವರಿಗೆ ಬಹುಮಾನ, ಸೋತವರಿಗೆ ಬರಿಗೈ ಎಂದಾಗದಂತೆ ಎಲ್ಲರಿಗೂ ಸಮನಾಗಿ ಹಂಚುವುದು ಸಣ್ಣವರ ಅಳು ತಪ್ಪಿಸುತ್ತದೆ.

ಪಂಕ್ತಿಯಿಂದ ಹೊರಗುಳಿಯುವವರು

ಯೋಜನೆಯ ಕೊನೆಯ, ಆದರೆ ಮುಖ್ಯವಾದ ಪ್ರಶ್ನೆ ಯಾರನ್ನು ಕರೆದಿಲ್ಲ ಎಂಬುದು. ತರಗತಿಯಲ್ಲಿ ಕೆಲವರಿಗೆ ಮಾತ್ರ ಆಮಂತ್ರಣ ಹಂಚಿದರೆ ಉಳಿದವರ ಮನಸ್ಸು ನೋಯುತ್ತದೆ. ಮನೆಗೆ ಕರೆಯುವವರನ್ನು ಮನೆಗೇ ಹೋಗಿ ಅಥವಾ ಫೋನಿನಲ್ಲಿ ಕರೆಯಬೇಕು. ಶಾಲೆಯಲ್ಲಿ ಸಿಹಿ ಹಂಚುವುದಾದರೆ ಶಿಕ್ಷಕರ ಒಪ್ಪಿಗೆ ಪಡೆದು ಇಡೀ ತರಗತಿಗೆ ಹಂಚಬೇಕು. ಮನೆಗೆಲಸಕ್ಕೆ ಬರುವ ತಾಯಿಯ ಮಗು ಅಡುಗೆ ಮನೆಯ ಮೂಲೆಯಲ್ಲಲ್ಲ, ಉಳಿದ ಮಕ್ಕಳ ಸಾಲಿನಲ್ಲಿಯೇ ಕೂರಬೇಕು. ಹುಟ್ಟುಹಬ್ಬದ ಮಗು ಅಂದು ಕಲಿಯುವ ಪಾಠಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಕೂಟ ಬೇಡವೆನ್ನುವ ಕುಟುಂಬಗಳಿಗೆ ಇನ್ನೊಂದು ಅವಕಾಶವಿದೆ. 2021ರಲ್ಲಿ ರೂಪುಗೊಂಡ ಪಿಎಂ ಪೋಷಣ್ ಯೋಜನೆಯಡಿ ಹುಟ್ಟುಹಬ್ಬದಂತಹ ದಿನಗಳಲ್ಲಿ ಸಾರ್ವಜನಿಕರು ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ವಿಶೇಷ ತಿನಿಸು ನೀಡಬಹುದು. ತಿಥಿ ಭೋಜನ ಎಂಬ ಅದರ ಹೆಸರು ಕನ್ನಡದ ಕಿವಿಗೆ ಬೇರೆಯೇ ಅರ್ಥ ಕೊಡುತ್ತದಾದರೂ ಉದ್ದೇಶ ಒಳ್ಳೆಯದು. ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ, ಶಾಲೆಯ ಅಡುಗೆಯವರ ಕೈಯಿಂದಲೇ ಪಾಯಸ ಮಾಡಿಸಿ ಎಲ್ಲ ಮಕ್ಕಳಿಗೂ ಬಡಿಸಿದರೆ ಯಾರೂ ಉಡುಗೊರೆ ತರಬೇಕಾಗಿಲ್ಲ, ಯಾರೂ ಹೊರಗುಳಿಯುವುದಿಲ್ಲ.

ಜೂನ್ 1ರ ಪೀಳಿಗೆಗೆ ತನ್ನ ಹುಟ್ಟಿದ ದಿನ ಯಾವುದೆಂದೇ ಗೊತ್ತಿರಲಿಲ್ಲ. ಅವರ ಮೊಮ್ಮಕ್ಕಳಿಗೆ ದಿನ, ಗಳಿಗೆ, ನಿಮಿಷ ಎಲ್ಲವೂ ಕಾಗದದಲ್ಲಿದೆ. ಆ ದಿನ ಮನೆಗೆ ಸಾಲವನ್ನು ತರಬೇಕೋ ಸಂತೋಷವನ್ನು ತರಬೇಕೋ ಎಂಬುದು ಕೇಕ್ ಕೊಳ್ಳುವ ಮೊದಲು ಅಪ್ಪ–ಅಮ್ಮ ಕುಳಿತು ಬರೆಯುವ ಒಂದು ಪುಟದ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ.